ರಾಣಿ ಬಣ್ಣದ ಕೊಂಬಿನ ಬಸವಣ್ಣ

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಮುದ್ರ ಯಾವ ಕಡೆ ಎಂದು ಕೇಳಿದರೆ ಜನ ನವಿಲುತೀರ್ಥ ಡ್ಯಾಮಿಗೆ ಹೋಗುವ ಬಸ್ಸು ತೋರಿಸುತ್ತಾರೆ. ಅಂಥ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿಕೊಂಡಿದ್ದವಳು ಕಡಲ ಹುಳವೊಂದರ ಬೆನ್ನು ಹತ್ತಿದೆ ಎಂದರೆ ನಮ್ಮ ಬಳಗದವರಿಗೆ ಇವತ್ತಿಗೂ ನಗು. ನನಗೂ ನಗುವೇ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಪಗಾರ ಏರಿತು ಎಂಬುದನ್ನು ಹೇಳಿ ಅವರಿಗೆ ಆಕಳಿಕೆ ತರಿಸಲಾರೆ. ಆ ಹುಳದ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿ ನಮ್ಮ ಕೆಲಸವೆಲ್ಲ ಬಂದುಹೋಗುತ್ತದೆ.

ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ವಿಭಾಗದ ಮುಖ್ಯಸ್ಥರು ಹೂಲಿ ಸರ್. ಗಟ್ಟಿ ಗಂಟಲು, ದೊಡ್ಡ ಮನಸ್ಸು, ಬಾಯಿಗೆ ಬೀಗ ಮಾತ್ರ ಇರಲಿಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಬೀಕರ್ ಒಡೆದರೆ ಸಂಜೆಯೊಳಗೆ ನೇಸರಗಿಯ ಸಂತೆಯವರೆಗೆ ಸುದ್ದಿ ಮುಟ್ಟುತ್ತಿತ್ತು. ಆದರೆ ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರೂ ಎದ್ದು ಕೂಡುತ್ತಿದ್ದರು.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಸಾಲು ಸಾಲು ಬಾಟಲಿ. ನಕ್ಷತ್ರ ಮೀನು, ಹವಳ, ಕಡಲ ಸೌತೆ, ಎಲ್ಲವೂ ಸ್ಪಿರಿಟ್ಟಿನಲ್ಲಿ ಮುಳುಗಿ ಬೆಳ್ಳಗೆ ಬಿಳಿಚಿಕೊಂಡಿದ್ದವು. ಪುಸ್ತಕ ನೋಡಿದರೆ ಇದು ನೀಲಿ, ಅದು ಕಡುಗೆಂಪು. ಒಂದು ದಿನ ಹೂಲಿ ಸರ್ ಬಾಟಲಿ ಎತ್ತಿ ಹಿಡಿದು, ಈ ಪ್ರಾಣಿ ನವಿಲಿನಂಥ ಬಣ್ಣದ್ದು ಎಂದು ವರ್ಣಿಸುತ್ತಿದ್ದರು. ಸವದತ್ತಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ನನಗ ಇದು ಸುಲದ ಬಳ್ಳೊಳ್ಳಿ ಕಂಡಂಗ ಕಾಣತೈತ್ರಿ" ಎಂದಳು. ಇಡೀ ಕ್ಲಾಸು ನಕ್ಕಿತು, ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಅವತ್ತು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ, ಇಷ್ಟು ವರ್ಷ ಬೆಳ್ಳುಳ್ಳಿ ತೋರಿಸಿಯೇ ಪಾಠ ಮಾಡಿದೆನಲ್ಲ ಎಂದು ಪೇಚಾಡಿಕೊಂಡರು.

ನನ್ನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು. ಕ್ಯಾಮೆರಾ ಇತ್ತು, ಆದರೆ ಅದರ ರೋಲು ತೊಳೆಸಿ ತಂದರೆ ಕಡಲು ಹಸಿರಾಗಿ, ಮನುಷ್ಯರು ಕೆಂಪಾಗಿ ಬರುತ್ತಿದ್ದರು. ಬಣ್ಣಕ್ಕೆ ಅದನ್ನು ನಂಬುವ ಹಾಗಿರಲಿಲ್ಲ. ಆಗ ನನಗೆ ತವರು ನೆನಪಾಯಿತು.

ನನ್ನ ತವರು ರಾಮದುರ್ಗ. ಅಪ್ಪನದು ಎರಡು ಮಗ್ಗದ ಮನೆ, ನೂಲಿಗೆ ಬಣ್ಣ ಹಾಕುವುದೂ ಅವನೇ. ಓಣಿಯಲ್ಲಿ ಅವನನ್ನು ಬಣ್ಣದ ಮಾಲಿಂಗಪ್ಪ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಹಸಿರು ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಿಣಿ ಹಸಿರೋ, ಹೆಸರುಕಾಳಿನ ಹಸಿರೋ ಹೇಳಬೇಕು. ಕೆಂಪಿನಲ್ಲಿ ದಾಳಿಂಬೆ ಬೇರೆ, ಇಟ್ಟಂಗಿ ಬೇರೆ, ಕುಂಕುಮ ಬೇರೆ. ಇನ್ನು ಅಪ್ಪನ ಕೈಯ ಗುಲಾಬಿ, ಅದಕ್ಕೆ ರಾಣಿ ಬಣ್ಣ ಅನ್ನುತ್ತಾರೆ, ಅದು ಹಬ್ಬದ ಹುಡುಗಿಯ ಹಾಗೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ದೀಪಾವಳಿಗೆ ಹೋದಾಗ ಎಲ್ಲ ಬಣ್ಣದ ಲಡಿಗಳಿಂದ, ಅಂದರೆ ನೂಲಿನ ಸುರುಳಿಗಳಿಂದ, ಒಂದೊಂದು ಗೇಣು ನೂಲು ಕತ್ತರಿಸಿಕೊಂಡು ರಟ್ಟಿಗೆ ಸುತ್ತಿದೆ. ಕಡಲ ಪ್ರಾಣಿಯ ಪಕ್ಕ ಹಿಡಿದು ಬಣ್ಣ ಹೊಂದಿಸುತ್ತೇನೆ ಎಂದಾಗ ಅಪ್ಪ, "ಮೀನಕ್ಕ ಸೀರಿ ನೇಯ್ದ ಕೊಡಬೇಕನು?" ಎಂದು ಕೇಳಿದ. ಕೇಳಿದರೂ ರಾಣಿ ಬಣ್ಣದ್ದು ಮಾತ್ರ ಎರಡು ಗೇಣು ಕೊಟ್ಟ.

ಆ ವರ್ಷ ಚಳಿಗಾಲದ ಪ್ರವಾಸ ಕಾರವಾರದ ಕಡೆಗೆ. ಕಡಲು ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ನಮ್ಮ ಪೇಟೆ ಅದೇ. ಕಿತ್ತೂರಿನ ಹುಡುಗರು ಏಡಿ ಹಿಡಿಯಲು ಹೋಗಿ ತಾವೇ ಹಿಡಿಸಿಕೊಂಡು ಕುಣಿಯುತ್ತಿದ್ದರು. ನಾನು ಒಂದು ಹಿಡಿ ಪಾಚಿಯನ್ನು ಬಿಳಿ ಬಟ್ಟಲಿಗೆ ಹಾಕಿ ಸುಮ್ಮನೆ ಕೂತೆ. ಈ ಕೆಲಸದಲ್ಲಿ ಸುಮ್ಮನೆ ಕೂಡುವುದೇ ಅರ್ಧ ವಿದ್ಯೆ. ಸ್ವಲ್ಪ ಹೊತ್ತಿಗೆ ಪಾಚಿಯೊಳಗಿಂದ ಜೋಳದ ಕಾಳಿನಷ್ಟು ಬೆಳ್ಳನೆಯದು ಹೊರಬಂದು ಬಟ್ಟಲಿನ ಅಂಚಿಗೆ ತೆವಳತೊಡಗಿತು. ಚಿಪ್ಪಿಲ್ಲದ ಬಸವನಹುಳು. ಮೈ ಹಾಲಿನ ಹಾಗೆ, ಬೆನ್ನ ಹಿಂಭಾಗದಲ್ಲಿ ಉಸಿರಾಡುವ ಕಿವಿರುಗಳ ಪುಟ್ಟ ಗೊಂಚಲು, ಮೈಯ ಸುತ್ತ ಗಾಜಿನಂತೆ ತೆಳ್ಳನೆಯ ಅಂಚು. ತಲೆಯ ಮೇಲೆ ಎರಡು ಕೊಂಬು. ಕೊಂಬಿನ ಬಣ್ಣ ನೋಡಿ ನಾನು ಕೂತಲ್ಲೇ ಕಿರುಚಿದೆನಂತೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದ ಹಾಗೆ, ತುದಿಯಿಂದ ಬುಡದವರೆಗೆ ಅಪ್ಪಟ ರಾಣಿ ಬಣ್ಣ.

ನೂಲು ತೆಗೆದು ಬಟ್ಟಲಿನ ನೀರಿನಲ್ಲೇ ಅದರ ಪಕ್ಕಕ್ಕೆ ಇಟ್ಟೆ. ತೂಗಿ ಅಳೆದು ಹಾಕಿದ ಹಾಗೆ ಹೊಂದಿತು. ಹುಡುಗರೆಲ್ಲ ಮುತ್ತಿದರು. ಹೂಲಿ ಸರ್ ಕನ್ನಡಕ ಒರೆಸಿ ಒರೆಸಿ ನೋಡಿದರು, ತಂದಿದ್ದ ಪುಸ್ತಕ ತಿರುವಿ ಹಾಕಿದರು, ಇಂಥದ್ದು ಅದರಲ್ಲಿ ಇರಲಿಲ್ಲ. ಹುಡುಗರು ಅದಕ್ಕೆ ಅಲ್ಲೇ ಬಸವಣ್ಣ ಎಂದು ಹೆಸರಿಟ್ಟರು. ಆ ಮಧ್ಯಾಹ್ನ ನಾವು ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚುವುದನ್ನೇ ಮರೆತೆವು. ಶೇಂಗಾ ಚಟ್ನಿ ಮತ್ತು ರೊಟ್ಟಿ ಹಾಗೇ ಕಟ್ಟಿಟ್ಟಂತೆ ವಾಪಸು ಬಂದವು.

ಇನ್ನು ನನ್ನ ಕೈ ಮಾಡಿದ ಕೆಲಸ ಕೇಳಿ. ನೇಕಾರರ ಮನೆಯಲ್ಲಿ ಒಂದು ರೂಢಿ ಇದೆ. ಬಣ್ಣ ಹಾಕಿದ ಪ್ರತಿ ಗಂಟಿಗೂ ಅದೇ ಬಣ್ಣದ ಒಂದು ತುಂಡು ನೂಲನ್ನು ಕಟ್ಟಬೇಕು. ನಮೂನೆ ಮಾಲಿನ ಜೊತೆಗೇ ಇರಬೇಕು, ಬೇರೆಯಾದರೆ ಗೊಂದಲ. ನಾನು ಅದೇ ಮನೆಯಲ್ಲಿ ಬೆಳೆದವಳು. ಬಸವಣ್ಣನನ್ನು ಸ್ಪಿರಿಟ್ ಬಾಟಲಿಗೆ ಹಾಕುವಾಗ, ಯಾವ ನೂಲಿಗೆ ಹೊಂದಿತ್ತು ಎಂದು ಮುಂದೆ ಮರೆಯಬಾರದೆಂದು ರಾಣಿ ಬಣ್ಣದ ತುಂಡನ್ನೂ ಅದೇ ಬಾಟಲಿಯೊಳಗೆ ಇಳಿಬಿಟ್ಟು ಬೂಚು ಜಡಿದೆ. ಇಂಥ ಕೆಲಸ ಪಟ್ಟಣದ ಯಾವ ವಿಜ್ಞಾನಿಯೂ ಮಾಡುತ್ತಿರಲಿಲ್ಲ.

ವಾಪಸು ಬರುವಾಗ ಒಂದು ಕ್ಯಾನಿನ ತುಂಬ ಕಡಲ ನೀರನ್ನೂ ತಂದೆವು. ಪ್ರವಾಸದ ಗಾಡಿ ಧಾರವಾಡದಲ್ಲಿ ಕೆಟ್ಟು ನಿಂತದ್ದರಿಂದ ನಾವೆಲ್ಲ ಸರ್ಕಾರಿ ಬಸ್ಸು ಹತ್ತಿದೆವು. ದೊಡವಾಡದ ಹತ್ತಿರ ಕಂಡಕ್ಟರನ ಕಣ್ಣು ಕ್ಯಾನಿನ ಮೇಲೆ ಬಿತ್ತು. ಸೀಮೆಎಣ್ಣೆ ಇರಬೇಕೆಂದು ಅವನ ಗುಮಾನಿ. ಕಡಲ ನೀರು ಎಂದರೆ ನಂಬಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ, ಮುಖ ಕಿವುಚಿದ, ಆಮೇಲೆ ಬಸ್ಸಿನವರೆಲ್ಲ ಒಬ್ಬೊಬ್ಬರಾಗಿ ಬೆರಳು ಅದ್ದಿ ರುಚಿ ನೋಡಿದರು. ಬೈಲಹೊಂಗಲ ಮುಟ್ಟುವಷ್ಟರಲ್ಲಿ ಕ್ಯಾನು ನಾಲ್ಕು ಬೆರಳು ಇಳಿದಿತ್ತು.

ವಾರ ಕಳೆದು ಬಾಟಲಿ ತೆಗೆದು ನೋಡಿದರೆ ಪವಾಡ. ಕೊಂಬುಗಳು ನಿರೀಕ್ಷೆಯಂತೆ ಬಿಳಿಚಿದ್ದವು. ಆದರೆ ಗಾಜಿನಂತಿದ್ದ ಮೈಯಂಚು ಮಾತ್ರ ಸುತ್ತಲೂ ರಾಣಿ ಬಣ್ಣಕ್ಕೆ ತಿರುಗಿತ್ತು. ಸರ್ ಕುರ್ಚಿಯಿಂದ ಜಿಗಿದೆದ್ದರು. ಸಾಯುವಾಗ ಬಣ್ಣವನ್ನು ಕೊಂಬಿನಿಂದ ಅಂಚಿಗೆ ಇಳಿಸುವ ಪ್ರಾಣಿ ಎಂದರು, ಜಗತ್ತಿನಲ್ಲೇ ಇಲ್ಲ ಎಂದರು, ಪೇಡೆ ತರಲು ಯಾರನ್ನೋ ಓಡಿಸಿದರು. ನಾನೂ ಅವರ ಜೊತೆ ಹಾರಾಡುತ್ತಿದ್ದೆ. ಪೇಡೆ ಬಾಯಿಗೆ ಇಟ್ಟುಕೊಂಡ ಮೇಲೆ ಬಾಟಲಿಯ ತಳದಲ್ಲಿದ್ದ ನೂಲು ಕಣ್ಣಿಗೆ ಬಿತ್ತು. ಅದು ಹಳೆಯ ಜನಿವಾರದ ಹಾಗೆ ಮಾಸಿತ್ತು.

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಮ್ಮನಾಗಿದ್ದರೆ ಅವರು ಹೂಲಿ ಸರ್ ಹೇಗಾಗುತ್ತಿದ್ದರು? ಸಂಜೆ ಬಜಾರಿನ ಚಹಾದಂಗಡಿಯಲ್ಲಿ ಇಡೀ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದರು. ರಾಮದುರ್ಗದ ಮಾಲಿಂಗಪ್ಪನ ನೂಲು ಹುಳಕ್ಕೇ ಬಣ್ಣ ಬಳಿಯಿತು ಎಂದು. ಕೇಳಿದವರಲ್ಲಿ ಬಟ್ಟೆ ಅಂಗಡಿಯ ಬಸಪ್ಪ ಸಾವಕಾರರೂ ಇದ್ದರು. ಅಪ್ಪನ ಸೀರೆಗಳನ್ನು ವರ್ಷಗಟ್ಟಲೆ ಕೊಳ್ಳುತ್ತಿದ್ದವರು ಅವರೇ. ಕಾಲೇಜಿನವರೇ ಹೇಳುತ್ತಾರೆ, ಬಣ್ಣ ಬಿಡುವ ಮಾಲು ನನಗೆ ಬೇಡ ಎಂದು ಅವರು ರಾಮದುರ್ಗಕ್ಕೆ ಹೇಳಿ ಕಳಿಸಿದರು.

ಎರಡು ದಿನಕ್ಕೆ ಅಪ್ಪ ಬೆಳಗಿನ ಬಸ್ಸಿಗೆ ಬಂದಿಳಿದ. ತಲೆಗೆ ಟೊಪ್ಪಿಗೆ, ಬಗಲಲ್ಲಿ ರಾಣಿ ಬಣ್ಣದ ಲಡಿ. ನನ್ನನ್ನು ಮಾತಾಡಿಸಲಿಲ್ಲ, ನೇರ ಲ್ಯಾಬಿಗೆ ಬಂದು ಹೂಲಿ ಸರ್ ಮುಂದೆ ನಿಂತ. ಸರ್ ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ನೀರ ತರಸ್ರಿ," ಎಂದ.

ನಳದ ನೀರು ತರಿಸಿದೆವು. ಲಡಿಯನ್ನು ಮುಳುಗಿಸಿ ಹಿಂಡಿದ. ನೀರು ತಿಳಿಯಾಗೇ ಇತ್ತು. ಬಿಸಿನೀರು ಕೇಳಿದ, ಸೋಡಾ ಹಾಕಿಸಿದ, ಸಾಬೂನು ಹಚ್ಚಿ ಕುಕ್ಕಿದ. ಒಂದು ಹನಿ ಬಣ್ಣ ಹೊರಡಲಿಲ್ಲ. ಕ್ಲಾಸು ಬಿಟ್ಟು ಹುಡುಗರೆಲ್ಲ ಕಿಟಕಿಗೆ ಬಂದು ನಿಂತಿದ್ದರು. ಕಂಡಕ್ಟರನ ಕೈಯಿಂದ ಉಳಿದ ಕಡಲ ನೀರನ್ನು ನಾನೇ ತಂದು ಸುರಿದೆ. ಅದರಲ್ಲೂ ಇಲ್ಲ. ಅಪ್ಪನ ಮುಖ ಈಗ ಸ್ವಲ್ಪ ಸಡಿಲಾಯಿತು. ಆದರೆ ಕೊನೆಯದು ಇನ್ನೂ ಉಳಿದಿತ್ತು. ಸ್ಪಿರಿಟ್ಟನ್ನು ಬಟ್ಟಲಿಗೆ ಸುರಿದು ಒಂದು ಎಳೆ ಹಾಕಿದೆ. ನೋಡನೋಡುತ್ತ ಗುಲಾಬಿ ಹೊಗೆ ಎದ್ದ ಹಾಗೆ ಬಣ್ಣ ಹರಡಿ ಬಟ್ಟಲೆಲ್ಲ ಕೆಂಪಾಯಿತು.

ಅಪ್ಪ ಬಗ್ಗಿ ಬಟ್ಟಲಿನ ಹೆಂಡದಂಥ ವಾಸನೆ ಮೂಸಿ ನೋಡಿ ತಲೆ ಎತ್ತಿದ.

"ಇದು ಸೆರಿ ಐತಿ ಹೌದಲ್ರಿ? ಸೆರ್‍ಯಾಗ ಹಾಕಿದ್ರ ಮನಶ್ಯಾನೂ ಬಣ್ಣ ಬಿಡತಾನ. ನಾನು ಸೀರಿ ಮಾರೂದು ಉಡಾಕ, ಕುಡ್ಯಾಕ ಅಲ್ಲ."

ಕಿಟಕಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು, ಸರ್ ನಕ್ಕರು, ನಾನು ಅಳು ಬಂದರೂ ನಕ್ಕೆ. ಅಪ್ಪ ನಗಲಿಲ್ಲ.

"ಊರ ತುಂಬ ಹೇಳಿದವ್ರು ನೀವ. ಇದನ್ನೂ ನೀವ ಹೇಳ್ರಿ," ಎಂದು ಲಡಿ ಹಿಂಡಿಕೊಂಡು ಹೊರಟುಬಿಟ್ಟ.

ಸರ್ ಅವತ್ತೇ ಸಾವಕಾರರ ಅಂಗಡಿಗೆ ಹೋದರು. ನೀರಿಗೆ ಬಿಡುವುದಿಲ್ಲ, ಸ್ಪಿರಿಟ್ಟಿಗೆ ಮಾತ್ರ ಬಿಡುತ್ತದೆ ಎಂದು ಗಂಟಲು ಹರಿಯುವ ಹಾಗೆ ಹೇಳಿದರು. ಸಾವಕಾರರು ತಲೆದೂಗಿ ಚಹಾ ತರಿಸಿಕೊಟ್ಟರು. ಮೇಡಂ ತಂದೆಯ ಮುಲಾಜಿಗೆ ಹೇಳುತ್ತಿದ್ದೀರಿ, ನನಗೆ ಗೊತ್ತಾಗುತ್ತದೆ ಎಂದರಂತೆ. ಬಾಯಿ ದೊಡ್ಡದಾದವರ ಪಾಡು ಇದೇ, ನಗೆಯ ಮಾತನ್ನು ಎಲ್ಲರೂ ನಂಬಿದರು, ನಿಜ ಹೇಳಿದಾಗ ಯಾರೂ ನಂಬಲಿಲ್ಲ. ಅಪ್ಪ ಸೀರೆಗಳನ್ನು ಬೇರೆ ಊರಿಗೆ ಹಾಕತೊಡಗಿದ. ಆದರೆ ಅವನನ್ನು ಕಾಡಿದ್ದು ವ್ಯಾಪಾರವಲ್ಲ. ಬಣ್ಣದ ಮಾಲಿಂಗಪ್ಪನ ಬಣ್ಣ ಬಿಟ್ಟಿತು ಎಂಬ ಮಾತು. ಹಬ್ಬಕ್ಕೆ ಹೋದರೆ ನನಗೆ ಊಟಕ್ಕೆ ಬಡಿಸಲು ಹೇಳುತ್ತಿದ್ದ, ಹುಳದ ಸುದ್ದಿ ಮಾತ್ರ ಕೇಳುತ್ತಿರಲಿಲ್ಲ. ಮಗಳಾಗಿ ನಾನು ಅವನ ಹೆಸರಿಗೆ ಕಲೆ ಹಚ್ಚಿದೆನಲ್ಲ ಎಂದು ನನಗೆ ಬಹಳ ಕೆಟ್ಟದೆನಿಸುತ್ತಿತ್ತು.

ಬಸವಣ್ಣನನ್ನು ನಾಚಿಕೆಯಿಂದಲೇ ಕರಾವಳಿಯ ಹಿರಿಯ ತಜ್ಞರೊಬ್ಬರಿಗೆ ಕಳಿಸಿದೆವು. ಕಾಮತ್ ಸರ್ ಎಂದು, ಇಂಥ ಹುಳಗಳನ್ನೇ ನೋಡಿ ಕಣ್ಣು ಸಣ್ಣ ಮಾಡಿಕೊಂಡವರು. ನೂಲಿನ ಸಂಗತಿಯನ್ನೂ ಬಿಡದೆ ಬರೆದಿದ್ದೆ. ಅವರು ಬಯ್ಯುತ್ತಾರೆಂದು ಕಾಯುತ್ತಿದ್ದರೆ ಕಾಲೇಜಿಗೆ ಫೋನು ಬಂತು. ಬಣ್ಣ ನೂಲಿನದೇ, ಅನುಮಾನವಿಲ್ಲ, ಆದರೆ ಅದು ಅಂಚಿಗೇ ಯಾಕೆ ಹಿಡಿಯಿತು ನೋಡಿದಿರಾ ಎಂದು ಕೇಳಿದರು. ನಾವು ನೋಡಿರಲಿಲ್ಲ.

ಮೈಕ್ರೋಸ್ಕೋಪಿನ ಕೆಳಗೆ ಅವರು ಕಂಡದ್ದು ಇದು. ಅಂಚಿನೊಳಗೆ ಸಾಲಾಗಿ ಪುಟ್ಟ ಪುಟ್ಟ ಚೀಲಗಳು. ಮೀನು ಬಾಯಿ ಹಾಕಿದರೆ ಕಹಿ ತಗುಲಿ ಉಗುಳಲೆಂದು ಈ ಹುಳಗಳು ಮೈಯಲ್ಲಿ ಕೆಟ್ಟ ರುಚಿಯ ರಸ ಕೂಡಿಟ್ಟುಕೊಳ್ಳುತ್ತವೆ. ಅದರ ಚೀಲಗಳೇ ಅವು. ಕಣ್ಣಿಗೆ ಸುಮ್ಮನೆ ಕಾಣುವಂಥವಲ್ಲ, ರಾಣಿ ಬಣ್ಣ ಕುಡಿದು ಎದ್ದು ಕಂಡಿದ್ದವು. ಬಸವಣ್ಣನ ಹತ್ತಿರದ ಬಂಧುಗಳಿಗೆಲ್ಲ ಚೀಲಗಳು ಬಾಲದ ಕಡೆ ಮಾತ್ರ. ನಮ್ಮದಕ್ಕೆ ಸುತ್ತಲೂ, ಸೀರೆಯ ದಡಿಯ ಹಾಗೆ ಒಂದೇ ಸಮ. ಇನ್ನೊಂದು ಹುಳದಲ್ಲೂ ಹೀಗೇ ಕಂಡರೆ ಇದು ಹೊಸ ಜಾತಿ ಎಂದರು. ಫೋನು ಇಟ್ಟ ಮೇಲೆ ಸರ್ ಮತ್ತು ನಾನು ಏನು ಮಾಡಬೇಕೆಂದು ತಿಳಿಯದೆ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಾಡಿದೆವು.

ಇನ್ನೊಂದನ್ನು ಹುಡುಕಲು ಮುಂದಿನ ಚಳಿಗಾಲದವರೆಗೆ ಕಾಯಬೇಕಾಯಿತು. ಅದೇ ಬಂಡೆ, ಅದೇ ಗುಂಡಿ. ಬೆಳಗಿನಿಂದ ಪಾಚಿ ಜಾಲಾಡಿದರೂ ಬಸವಣ್ಣ ಸಿಗಲಿಲ್ಲ. ಕಡಲು ಏರತೊಡಗಿತು. ಹೊರಡೋಣ ಎಂದು ತಿರುಗಿದ ಹೂಲಿ ಸರ್ ಕಾಲು ಜಾರಿ ಗುಂಡಿಯಲ್ಲಿ ಕೂತೇಬಿಟ್ಟರು. ಎಬ್ಬಿಸಲು ಓಡಿದೆವು. ಪ್ಯಾಂಟಿಗೆ ಪಾಚಿ ಮೆತ್ತಿಕೊಂಡಿತ್ತು. ಅದನ್ನು ಕೊಡವಲು ಹೋದ ಅವರ ಕೈಯನ್ನು ನಾನು ಗಪ್ಪನೆ ಹಿಡಿದೆ. ಮೊಣಕಾಲಿನ ಹತ್ತಿರ, ಪಾಚಿಯ ಎಸಳಿನ ಮೇಲೆ, ರಾಣಿ ಬಣ್ಣದ ಎರಡು ಕೊಂಬು ಆಡುತ್ತಿದ್ದವು.

"ಹಂಗ ನಿಂದರ್‍ರಿ ಸರ, ಅಲಗಾಡಬ್ಯಾಡ್ರಿ," ಎಂದೆ.

ಹುಳವನ್ನು ಬಟ್ಟಲಿಗೆ ಇಳಿಸುವವರೆಗೆ ವಿಭಾಗದ ಮುಖ್ಯಸ್ಥರು ನೀರು ಸುರಿಸುತ್ತ ಒಂಟಿ ಕಾಲ ಮೇಲೆ ನಿಂತಿದ್ದರು. ಪಾಚಿಯ ಅದೇ ಹಿಡಿಯಲ್ಲಿ ಇನ್ನೊಂದೂ ಸಿಕ್ಕಿತು. ಬಸ್ಸಿನಲ್ಲಿ ಹುಡುಗರು ಊರು ಮುಟ್ಟುವವರೆಗೆ ಹಾಡಿದರು.

ಈ ಸಲ ಬಣ್ಣ ಹಾಕುವುದಕ್ಕೆ ನೂಲು ಬೇಕೇ ಬೇಕಾಯಿತು. ಲ್ಯಾಬಿನ ಬಣ್ಣಗಳನ್ನು ಕಾಮತ್ ಸರ್ ಬಂಧು ಹುಳಗಳ ಮೇಲೆ ಪ್ರಯತ್ನಿಸಿದ್ದರು, ಇಡೀ ಮೈ ಕೆಂಪಾಗುತ್ತಿತ್ತೇ ಹೊರತು ಚೀಲಗಳು ಬೇರೆಯಾಗಿ ಕಾಣುತ್ತಿರಲಿಲ್ಲ. ರಾಮದುರ್ಗಕ್ಕೆ ಹೋಗಿ ಅಪ್ಪನ ಮುಂದೆ ಕೂತೆ. ನೂಲು ಬೇಕೆಂದು ಅವ್ವನೇ ಹೇಳಿದಳು. ಅಪ್ಪ ಸ್ವಲ್ಪ ಹೊತ್ತು ಲಾಳಿ ಓಡಿಸಿದ, ಆಮೇಲೆ ಎದ್ದು ಒಳಗಿನಿಂದ ಒಂದು ಲಡಿ ತಂದು ನನ್ನ ಉಡಿಗೆ ಹಾಕಿದ.

"ನೀರಾಗ ಬಿಡೂದಿಲ್ಲ ಅಂತನೂ ಬರೀಲಿ ಅವ್ರು," ಎಂದ. ಕೇಳಿದ್ದು ಅದೊಂದೇ.

ಹೊಸ ಹುಳಗಳಲ್ಲೂ ಅಂಚಿನ ಸುತ್ತ ಚೀಲಗಳ ದಡಿ ಕಂಡಿತು. ಆಮೇಲೆ ಬರೆಯುವ ಕೆಲಸ. ಹೊಸಬರು ಇದನ್ನು ತಿಳಿಯಬೇಕು, ಹುಳ ಹುಡುಕುವುದಕ್ಕಿಂತ ಅದನ್ನು ಮಾತಿನಲ್ಲಿ ಕೂಡಿಸುವುದು ಕಷ್ಟ. ತೆವಳುವಾಗ ಎಷ್ಟು ಉದ್ದ, ಮುದುಡಿದಾಗ ಎಷ್ಟು, ನಾಲಿಗೆಯ ಮೇಲಿನ ಹಲ್ಲುಗಳ ಸಾಲು ಹೇಗೆ, ಕಿವಿರಿನ ಎಸಳು ಹೇಗೆ, ಒಂದೊಂದಕ್ಕೂ ಬಂಧುಗಳ ಜೊತೆ ಹೋಲಿಕೆ. ಈಗ ಮೊಬೈಲಿನಲ್ಲಿ ಚಿತ್ರ ತೆಗೆದು, ಒಳಗಿನ ವಂಶದ ಗುರುತಾದ ಡಿಎನ್ಎಯನ್ನು ಯಂತ್ರದಲ್ಲಿ ಓದಿಸುತ್ತಾರೆ. ಒಳ್ಳೆಯದೇ. ಆದರೂ ಬಟ್ಟಲಿನ ಮುಂದೆ ಕೂತು ಪ್ರಾಣಿ ತಾನಾಗಿ ಕೊಂಬು ಚಾಚುವವರೆಗೆ ಕಾಯುವ ಸುಖವನ್ನು ಯಾರೂ ಕಳೆದುಕೊಳ್ಳಬಾರದು.

ಕರಡು ಕಾಮತ್ ಸರ್ ಕೈಯಿಂದ ತಿದ್ದಿ ಬಂದಾಗ ಅಪ್ಪನ ವಾಕ್ಯ ಕಾಣಲಿಲ್ಲ. ಹುಳದ ವರ್ಣನೆಗೂ ನೂಲು ನೀರಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೂ ಸಂಬಂಧವಿಲ್ಲ ಎಂದು ತೆಗೆದಿದ್ದರು. ನಾನು ಮತ್ತೆ ಸೇರಿಸಿ ಕಳಿಸಿದೆ, ಅವರು ಮತ್ತೆ ತೆಗೆದರು. ಆಗ ಹೂಲಿ ಸರ್ ನನ್ನನ್ನು ಕರೆದುಕೊಂಡು ಬಜಾರಿನ ಎಸ್‌ಟಿಡಿ ಬೂತಿಗೆ ನಡೆದರು. ಅವರ ಗಂಟಲಿಗೆ ಫೋನೇ ಬೇಕಿರಲಿಲ್ಲ, ಬಾಗಿಲು ಹಾಕಿದರೂ ರಸ್ತೆಯ ಜನ ನಿಂತು ಕೇಳುತ್ತಿದ್ದರು. ಕಡಲ ನೀರಿನಲ್ಲಿ ನೂಲು ಬಣ್ಣ ಬಿಡುತ್ತಿದ್ದರೆ ಕೊಂಬಿನ ಬಣ್ಣ ಹೊಂದಿಸಿದ್ದೇ ಸುಳ್ಳಾಗುತ್ತದೆ, ಬಿಡುವುದಿಲ್ಲ ಎಂದು ಬರೆಯದಿದ್ದರೆ ಓದಿದವರು ನಮ್ಮನ್ನು ನಂಬುವುದು ಹೇಗೆ ಎಂದು ವಾದಿಸಿದರು. ಅದು ವಿಜ್ಞಾನದ ಮಾತು. ಕೊನೆಗೆ ದನಿ ತಗ್ಗಿಸಿ, "ಊರ ತುಂಬ ಹೇಳಿದಾಂವ ನಾನ ಅದೀನ್ರಿ ಕಾಮತ್ ಸರ, ನನ್ನ ಮ್ಯಾಲ ಒಂದ ವಾಕ್ಯದ ಸಾಲ ಉಳದೈತಿ" ಎಂದರು. ಆ ಕಡೆಯಿಂದ ಕಾಮತ್ ಸರ್ ಆಗಲಿ ಎಂದರಂತೆ.

ಲೇಖನ ಅಚ್ಚಾಗಿ ಬರುವಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು. ಬಸವಣ್ಣನಿಗೆ ಲ್ಯಾಟಿನ್ ಹೆಸರು ಬಂದಿತ್ತು, ನಮ್ಮ ಹುಡುಗರ ನಾಲಿಗೆಗೆ ಅದು ಕೊನೆಯವರೆಗೂ ಹೊರಳಲಿಲ್ಲ. ಪ್ರತಿ ಹಿಡಿದು ಅದೇ ದಿನ ರಾಮದುರ್ಗದ ಬಸ್ಸು ಹತ್ತಿದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಚಿತ್ರಗಳನ್ನು ದಾಟಿಸಿ, ಆ ಸಾಲಿನ ಮೇಲೆ ಅವನ ಬೆರಳಿಟ್ಟು ಕನ್ನಡದಲ್ಲಿ ಹೇಳಿದೆ. ಕರ್ನಾಟಕದ ರಾಮದುರ್ಗದಲ್ಲಿ ಬಣ್ಣ ಹಾಕಿದ ಹತ್ತಿ ನೂಲು. ಇದರ ಬಣ್ಣ ಸಿಹಿನೀರಿಗೂ ಕಡಲ ನೀರಿಗೂ ಬಿಡುವುದಿಲ್ಲ, ಸ್ಪಿರಿಟ್ಟಿಗೆ ಮಾತ್ರ ಬಿಡುತ್ತದೆ.

"ಇನ್ನೊಮ್ಮಿ ಓದವಾ," ಎಂದ.

ಓದಿದೆ. ಅವನು ಟೊಪ್ಪಿಗೆ ತೆಗೆದು ಕೊಡವಿ ಮತ್ತೆ ಇಟ್ಟುಕೊಂಡ. ಕಣ್ಣು ತುಂಬಿದ್ದವು, ನನ್ನವೂ. ಸರಿ, ಬೈಲಹೊಂಗಲಕ್ಕೆ ನಡಿ ಎಂದ.

ಮರುದಿನ ಮಧ್ಯಾಹ್ನ ಬಸಪ್ಪ ಸಾವಕಾರರ ಅಂಗಡಿಯ ಗಾದಿಯ ಮೇಲೆ ಕೂತೆವು. ಮದುವೆ ಸುಗ್ಗಿ, ಹೆಂಗಸರು ತುಂಬಿದ್ದರು. ಹೂಲಿ ಸರ್ ಎಲ್ಲಿಂದಲೋ ಸುದ್ದಿ ತಿಳಿದು ಬಂದು ಬಾಗಿಲಲ್ಲೇ ನಿಂತಿದ್ದರು, ಬಾಯಿ ಮುಚ್ಚಿಕೊಂಡು, ಅದೇ ಮೊದಲ ಸಲ. ಅಪ್ಪ ಹಾಳೆಯನ್ನು ಸಾವಕಾರರ ಮುಂದೆ ಬಿಚ್ಚಿ ಇಟ್ಟ. ಅವರು ತಿರುವಿ ನೋಡಿ, ಇದೇನು ಹುಳದ ಚಿತ್ರ ಎಂದರು. ನಾನು ಆ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕ್ಲಾಸಿನಲ್ಲಿ ಪಾಠ ಮಾಡಿದ ಗಂಟಲು ಅವತ್ತು ಉಪಯೋಗಕ್ಕೆ ಬಂತು.

ಸಾವಕಾರರು ಉತ್ತರ ಕೊಡುವ ಮೊದಲೇ ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಎದುರಿನ ಸೀರೆಗಳನ್ನು ಬದಿಗೆ ಸರಿಸಿದಳು.

"ಸಮುದ್ರದ ನೀರಾಗೂ ಬಣ್ಣ ಬಿಡೂದಿಲ್ಲಂದ್ರ ಆ ರಾಣಿ ಬಣ್ಣದ್ದ ತಗೀರಿ ಸಾವ್ಕಾರ್ರ. ಅದನ್ನ ನೋಡತೀವಿ," ಎಂದಳು.

ಸಾವಕಾರರು ಕಪಾಟಿನ ಕಡೆ ತಿರುಗಿದರು. ಅಲ್ಲಿ ಅಪ್ಪನ ಸೀರೆ ಒಂದೂ ಇರಲಿಲ್ಲ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಹಾಳೆಯನ್ನು ಮಡಚಿ ಒಳ ಅಂಗಿಯ ಕಿಸೆಗೆ ಇಟ್ಟುಕೊಂಡ, ಟೊಪ್ಪಿಗೆ ಸರಿ ಮಾಡಿಕೊಂಡ.

"ಏಳವಾ ಗಿರಿಜಾ," ಎಂದ ನನಗೆ, "ರಾಮದುರ್ಗದ ಬಸ್ಸಿಗೆ ಹೊತ್ತಾತು. ಸೀರಿ ಬೇಕಂದ್ರ ಸಾವ್ಕಾರ್ರು ಆರಾಮ ಬರಲಿ, ಮಗ್ಗ ಅಲ್ಲೇ ಇರತಾವ."